ಸೊಟ್ಟ ಜಾಲಿಯ ದೋಣಿ

ಅಪ್ಪ ದೋಣಿ ಕಟ್ಟಲು ಶುರು ಮಾಡಿದಾಗ ನನಗೆ ಹದಿನೇಳು. ಮದುವೆಯಾಗಿ ಒಂದು ವರ್ಷ ಕೂಡ ತುಂಬಿರಲಿಲ್ಲ. ಹುಮನಾಬಾದಿನ ಗಂಡನ ಮನೆಯಲ್ಲಿ ಎಂಟು ತಿಂಗಳು ಇದ್ದು, ಕಲ್ಯಾಣಿಯ ತವರಿಗೆ ಮರಳಿ ಬಂದಿದ್ದೆ. ಈಗ ಎಲ್ಲರೂ ಬಸವಕಲ್ಯಾಣ ಎನ್ನುವ ಊರು ಆಗ ನಮ್ಮ ಬಾಯಲ್ಲಿ ಬರೀ ಕಲ್ಯಾಣಿ.

ನಾನು ಬಂದದ್ದು ಹಬ್ಬಕ್ಕಲ್ಲ. ಆ ವರ್ಷ ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ನಮ್ಮಲ್ಲಿಗೆ ಬಂದಿರಲಿಲ್ಲ. ನಾವಿನ್ನೂ ನಿಜಾಮನ ರಾಜ್ಯದವರು. ದಾರಿಗಳಲ್ಲಿ ಬಂದೂಕು ಹಿಡಿದವರು ನಿಂತಿರುತ್ತಿದ್ದರು. ನನ್ನ ಗಂಡ ಹುಮನಾಬಾದಿನಲ್ಲಿ ಶಾಲೆಯ ಮಾಸ್ತರು. ಅವರ ಹೆಸರು ಬಂದೂಕಿನವರ ಯಾವುದೋ ಪಟ್ಟಿಯಲ್ಲಿದೆ ಎಂದು ಯಾರೋ ಬಂದು ಹೇಳಿದರು. ಮರುದಿನವೇ ಅವರೂ ಅತ್ತೆಯೂ ಗಡಿ ದಾಟಿ ಸೊಲ್ಲಾಪುರಕ್ಕೆ ಹೋಗುವುದೆಂದಾಯಿತು.

"ನೀ ತವರಾಗ ಇರು. ದಾರಿ ಸುಮಾರ ಅದ, ಹರೇದ ಹುಡುಗೀನ್ನ ಕರಕೊಂಡು ಹೋಗೂ ದಾರಿ ಅಲ್ಲ. ಹದಿನೈದು ದಿನ ಅಷ್ಟ" ಎಂದರು ಅತ್ತೆ.

ನನ್ನ ಅತ್ತೆ ದಿನಾ ಬೆಳಿಗ್ಗೆ ತಾವೇ ಕೂತು ನನ್ನ ತಲೆ ಬಾಚುತ್ತಿದ್ದರು. ಹೊಸ ಸೊಸೆ ನಾಚಿಕೆಯಿಂದ ಹೊಟ್ಟೆ ತುಂಬ ಉಣ್ಣುವುದಿಲ್ಲವೆಂದು ಗೊತ್ತಿದ್ದು, ನನ್ನ ತಾಟಿನ ರೊಟ್ಟಿಯ ಕೆಳಗೆ ಇನ್ನೊಂದು ರೊಟ್ಟಿ ಅಡಗಿಸಿ ಇಡುತ್ತಿದ್ದರು. ಹೊರಡುವ ದಿನವೂ ನನ್ನ ಜಡೆ ಹಾಕಿಯೇ ಬಂಡಿ ಹತ್ತಿದರು.

ಹದಿನೈದು ದಿನ ಎರಡು ತಿಂಗಳಾಯಿತು. ಒಂದೇ ಒಂದು ಕಾಗದ ಬಂದಿತ್ತು: ಸುಖವಾಗಿ ಮುಟ್ಟಿದೆವು ಎಂದು. ಆಮೇಲೆ ಏನೂ ಇಲ್ಲ.

ಅಪ್ಪ ಬಂಡಿ ಕಟ್ಟುವವನು. ಕೆರೆಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಮನೆಯ ಮುಂದೆ ದೊಡ್ಡ ಅಂಗಳ, ಅಂಗಳದ ನಡುವೆ ಬೇವಿನ ಮರ, ಬಂಡಿಗಳು ಒಳಗೆ ಬರುವಷ್ಟು ಅಗಲದ ಬಾಗಿಲು. ಬೇರೆ ವರ್ಷಗಳಲ್ಲಿ ಸುಗ್ಗಿಗೆ ಮುಂಚೆ ಆ ಅಂಗಳದಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಆ ವರ್ಷ ಒಂದು ಗಾಲಿಯೂ ರಿಪೇರಿಗೆ ಬರಲಿಲ್ಲ. ಹೆದರಿದ ಜನ ಬಂಡಿ ಕಟ್ಟುವುದನ್ನೇ ಬಿಟ್ಟಿದ್ದರು. ಅಪ್ಪ ಬೆಳಿಗ್ಗೆ ಎದ್ದು ಬಾಚಿ ಮಸೆಯುತ್ತಿದ್ದ, ಉಳಿ ಮಸೆಯುತ್ತಿದ್ದ, ಮತ್ತೆ ಬಾಚಿಯನ್ನೇ ಮಸೆಯುತ್ತಿದ್ದ.

ಎಳ್ಳಮಾಸಿ ಹಬ್ಬ ಮುಗಿದ ಮೇಲೆ ಚಳಿಯ ಒಂದು ಮುಂಜಾನೆ ನಾನು ಕಸ ಹೊಡೆಯಲು ಬಂದಾಗ ಅಂಗಳದ ಉದ್ದಕ್ಕೂ ಕೆಮ್ಮಣ್ಣಿನ ಗೆರೆ. ಅಪ್ಪ ದಾರ ಹಿಡಿದು ನಿಂತಿದ್ದ. ಗೆರೆ ಎರಡೂ ತುದಿಯಲ್ಲಿ ಕೂಡಿ, ನಡುವೆ ಹೊಟ್ಟೆ ಬಿಟ್ಟುಕೊಂಡಿತ್ತು, ಬೇವಿನ ಎಲೆಯ ಹಾಗೆ.

"ಏನ ಇದು ಯಪ್ಪಾ?"

"ದೋಣಿ."

ಒಳಗಿನಿಂದ ಅವ್ವ ಕೂಗಿದಳು: "ಏನಂದಿ?"

"ದೋಣಿ ಅಂದೆ."

"ಕುಡಿಯೂ ನೀರಿಗಿ ಮೂರು ಓಣಿ ದಾಟಿ ಹೋಗತೀನಿ ನಾ. ಈತಗ ದೋಣಿ ಬೇಕಾಗ್ಯದ!"

ಅಪ್ಪ ನಗಲಿಲ್ಲ. "ಕೈ ಸುಮ್ಮ ಕುಂತ್ರ ಮನಸ್ಸಿಗಿ ಹುಳ ಬೀಳತಾವ" ಎಂದು ಇನ್ನೊಂದು ಗೆರೆ ಹೊಡೆದ.

ಆಗಲೇ ನನಗೆ ಗೊತ್ತಾದದ್ದು: ಹದಿನೆಂಟನೆಯ ವಯಸ್ಸಿನಲ್ಲಿ ಅಪ್ಪ ತನ್ನ ಅಪ್ಪನೊಡನೆ ಜಗಳವಾಡಿ ಮುಂಬಯಿಗೆ ಓಡಿಹೋಗಿದ್ದ. ಅಲ್ಲಿ ಸಮುದ್ರದ ದಂಡೆಯ ಮೇಲೆ ದೋಣಿ ಕಟ್ಟುವವರ ಕೈಕೆಳಗೆ ಎರಡೂವರೆ ವರ್ಷ ದುಡಿದಿದ್ದ. ಅಜ್ಜ ತೀರಿಕೊಂಡ ಸುದ್ದಿ ಬಂದಾಗ ಊರಿಗೆ ಬಂದವನು, ಮತ್ತೆ ಸಮುದ್ರದ ಮಾತು ಎತ್ತಿರಲಿಲ್ಲ. ಇಪ್ಪತ್ತೈದು ವರ್ಷ ಆ ನೀರನ್ನು ಎಲ್ಲಿ ಇಟ್ಟುಕೊಂಡಿದ್ದನೋ.

ನಮ್ಮ ಗೋಡೆಗೆ ಹತ್ತಿಯೇ ಚಾಚಾ ಅವರ ಕುಲುಮೆ ಇತ್ತು. ಅಪ್ಪ ಮಾಡಿದ ಗಾಲಿಗಳಿಗೆ ಕಬ್ಬಿಣದ ಪಟ್ಟಿ ಹಾಕುವವರು ಅವರೇ. ಅಪ್ಪನಿಗೆ ಅವರು ಉಸ್ತಾದ್, ಅವರಿಗೆ ಅಪ್ಪ ಮಿಸ್ತ್ರಿ. ನನಗೆ ಚಾಚಾ. ಅವತ್ತು ಅವರು ಕೆಮ್ಮಣ್ಣಿನ ಗೆರೆಯ ಸುತ್ತ ಮೆಲ್ಲಗೆ ಒಂದು ಸುತ್ತು ಹಾಕಿದರು, ಎಲ್ಲಿಯೂ ಗೆರೆ ತುಳಿಯದ ಹಾಗೆ.

"ಎಷ್ಟು ಮೊಳಿ ಬೇಕಾಗತಾವ ಮಿಸ್ತ್ರಿ?"

"ಆರುನೂರು."

"ನೀರಾಗ ಜಂಗ ಹಿಡಿತದಲ್ಲ?"

"ಕೆಂಪಗ ಕಾಸಿ ಎಣ್ಣ್ಯಾಗ ಅದ್ದಿ, ಕರ್ರಗ ಮಾಡು."

"ಮಾಡೋಣು. ಖರೇ ಮೊದಲ ಇದು ಹೇಳು, ಸಮುದ್ರ ಹ್ಯಾಂಗ ಇರ್ತದ?"

ಅಪ್ಪ ಕೈಯಲ್ಲಿದ್ದ ದಾರವನ್ನೆಲ್ಲ ಸುತ್ತಿ ಮುಗಿಸಿದ. "ಉಸಿರಾಡತದ" ಎಂದ.

ಚಾಚಾ ತಲೆಯಾಡಿಸಿದರು. ತಿದಿ ಒತ್ತುವವರಿಗೆ ಉಸಿರಾಡುವ ವಸ್ತು ಹೊಸದಲ್ಲ.

ಮೊದಲ ಒಂದು ತಿಂಗಳು ಅಪ್ಪ ಮರ ಹುಡುಕಿದ. ಎಲ್ಲರೂ ನೆಟ್ಟಗಿನ ಮರ ಹುಡುಕಿದರೆ ಇವನು ಸೊಟ್ಟ ಮರ ಹುಡುಕುತ್ತಿದ್ದ. ದೋಣಿಯ ಹೊಟ್ಟೆಯೊಳಗೆ ಪಕ್ಕೆಲುಬಿನಂತೆ ಬಾಗಿದ ತೊಲೆಗಳು ಬೇಕು. ಮರವನ್ನು ಕೊಯ್ದು ಬಾಗಿಸಿದರೆ ಅದು ಬಿರಿಯುತ್ತದೆ, ಬಾಗಿಯೇ ಬೆಳೆದದ್ದಾದರೆ ಬಿರಿಯುವುದಿಲ್ಲ. ನಾರಾಯಣಪುರದ ಕಡೆಯ ಹೊಲಗಳ ಒಡ್ಡಿನ ಮೇಲೆ ಅಪ್ಪ ಜಾಲಿ ಗಿಡಗಳ ಕೆಳಗೆ ಕತ್ತೆತ್ತಿ ನಡೆಯುತ್ತಿದ್ದರೆ ನಾನು ಬುತ್ತಿ ಹಿಡಿದು ಹಿಂದೆ ನಡೆಯುತ್ತಿದ್ದೆ. ಜೋಳದ ಹೊಲಗಳು ಹಾಲುಗಾಳಿಗೆ ಬಂದಿದ್ದವು. ಅಪ್ಪ ಯಾವುದೋ ಕೊಂಬೆ ನೋಡಿ, ಎರಡೂ ಕೈ ಗಾಳಿಯಲ್ಲಿ ಬಾಗಿಸಿ ಅಳೆದು, ಅಲ್ಲವೆಂದು ಮುಂದೆ ಹೋಗುತ್ತಿದ್ದ.

ಒಂದು ಹೊಲದಲ್ಲಿ ಮುದುಕಿಯೊಬ್ಬಳು ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡುತ್ತಿದ್ದಳು. "ಏನ್ ಹುಡಕಾಕತ್ತೀಪಾ?"

"ಸೊಟ್ಟ ಜಾಲಿ ಬೇಕಾಗ್ಯಾವವ್ವಾ."

"ಅಲ್ಲಿ ನೋಡು. ಮೂವತ್ತು ವರ್ಷದಿಂದ ನಮ್ಮ ಎತ್ತಿನ ಕೋಡಿಗಿ ತಗಲಾಕತ್ತದ. ನನ್ನ ಗಂಡ ಕಡೀತೀನಿ ಕಡೀತೀನಿ ಅನಕೋತ ಹ್ವಾದ. ನೀ ಒಯ್ಯಿ."

ಅದು ಒಳ್ಳೆಯ ಕೊಂಬೆ. ಅಪ್ಪ ಕಡಿದು ಹೆಗಲ ಮೇಲಿಟ್ಟುಕೊಂಡಾಗ ಅವನ ಕತ್ತಿಗೇ ಅಳತೆ ತೆಗೆದಂತೆ ಕೂತಿತು. "ನೆಟ್ಟಗ ಬೆಳದದ್ದು ಹಲಗಿಗಿ ಬರ್ತದ. ಬಾಗಿ ಬೆಳದದ್ದು ಭಾರ ಹೊರಾಕ" ಎಂದ ದಾರಿಯಲ್ಲಿ. ನನಗೇ ಹೇಳಿದನೋ ಕೊಂಬೆಗೋ ತಿಳಿಯಲಿಲ್ಲ.

ಹಲಗೆಗೆ ಸಾಗವಾನಿ ಬೇಕಿತ್ತು. ಹುಮನಾಬಾದಿನಲ್ಲಿ ಹಳೆಯ ವಾಡೆಯೊಂದನ್ನು ಕೆಡವುತ್ತಿದ್ದಾರೆ, ತೊಲೆಗಳು ಸಿಗುತ್ತವೆ ಎಂದು ಚಾಚಾ ಸುದ್ದಿ ತಂದರು. ನಾನೂ ಬರುತ್ತೇನೆ ಎಂದೆ. ಅವ್ವ ಬೇಡವೆಂದಳು. ನಾನು ಯಾಕೆ ಹಟ ಹಿಡಿದೆನೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಅದನ್ನು ಬಾಯಿಬಿಟ್ಟು ಆಡಲಿಲ್ಲ. ಚಾಚಾ ಕುಲುಮೆಯ ಬೆಂಕಿ ಆರಿಸಿ, "ನಾನೂ ಬರ್ತೀನಿ, ನಡೀರಿ" ಎಂದು ಬಂಡಿ ಹತ್ತಿದರು.

ಅರ್ಧ ದಾರಿಯಲ್ಲಿ ನಾಲ್ವರು ಬಂದೂಕಿನವರು ಬಂಡಿ ತಡೆದರು. ಅಪ್ಪನ ಕೈ ಹಗ್ಗದ ಮೇಲೆ ಬಿಗಿಯಾದದ್ದು ಕಂಡೆ. ಚಾಚಾ ನಿಧಾನವಾಗಿ ಇಳಿದರು, ಟೊಪ್ಪಿಗೆ ಸರಿ ಮಾಡಿಕೊಂಡರು, ಉರ್ದುವಿನಲ್ಲಿ ಸಲಾಂ ಹೇಳಿ ಅವರ ಊರು, ಅವರ ತಂದೆಯ ಆರೋಗ್ಯ ಎಲ್ಲ ಕೇಳಿದರು. ಆಮೇಲೆ ನನ್ನ ಕಡೆ ಕೈ ತೋರಿಸಿ "ಮೇರಿ ಬೇಟಿ" ಎಂದರು. ಅವರಲ್ಲೊಬ್ಬ ನನ್ನ ಹಣೆಯ ಕುಂಕುಮ ನೋಡಿದ. ಚಾಚಾ ಅದನ್ನು ನೋಡಿದವನನ್ನೇ ನೋಡುತ್ತ ನಿಂತರು. ಬಂಡಿ ಬಿಟ್ಟರು.

ಹುಮನಾಬಾದಿನ ಧಾನ್ಯದ ಪೇಟೆಯಲ್ಲಿ ಪಾರಿವಾಳಗಳು ಮಾತ್ರ ಇದ್ದವು. ಅಪ್ಪನೂ ಚಾಚಾನೂ ತೊಲೆ ನೋಡಲು ನಿಂತಾಗ ನಾನು ಮುಂದಿನ ಓಣಿಗೆ ಹೋದೆ. ನಮ್ಮ ಬಾಗಿಲಿಗೆ ಬೀಗ ಹಾಗೆಯೇ ಇತ್ತು. ಹಲಗೆಗಳ ನಡುವಿನ ಬಿರುಕಿಗೆ ಕಣ್ಣಿಟ್ಟು ನೋಡಿದೆ. ಒಳಗೆ ಅಂಗಳದಲ್ಲಿ ಬಿಸಿಲು ತುಂಬಿಕೊಂಡಿತ್ತು. ಹಗ್ಗದ ಮೇಲೆ ಅತ್ತೆಯ ಹಸಿರು ಸೀರೆ ಮರೆತುಹೋದದ್ದು ಅಲ್ಲೇ ಇತ್ತು, ಬಿಸಿಲು ಬಿದ್ದ ಕಡೆ ಮಾಸಿ ಹಳದಿಯಾಗಿತ್ತು. ಗಾಳಿ ಬಂದಾಗ ಸೆರಗು ಎದ್ದು, ಯಾರೋ ನಡೆದುಹೋದ ಹಾಗೆ ಮತ್ತೆ ಇಳಿಯಿತು. ಎಷ್ಟು ಹೊತ್ತು ನಿಂತಿದ್ದೆನೋ. ತಿರುಗಿದಾಗ ಅಪ್ಪ ಓಣಿಯ ತುದಿಯಲ್ಲಿ ನನ್ನನ್ನು ಕರೆಯದೆ ಕಾಯುತ್ತಿದ್ದ.

ಮರಳಿ ಬರುವಾಗ ತೊಲೆಗಳ ಮೇಲೆ ಮಲಗಿದ್ದೆ. ಅವಕ್ಕೆ ನೂರು ವರ್ಷದ ಅಡುಗೆಯ ಹೊಗೆ, ಲೋಬಾನ, ಒಣಮೆಣಸಿನಕಾಯಿ ಎಲ್ಲದರ ವಾಸನೆ ಇತ್ತು. ಆ ತೊಲೆಗಳ ಕೆಳಗೆ ಯಾರ್‍ಯಾರು ಹುಟ್ಟಿದ್ದರೋ, ಯಾರ ತೊಟ್ಟಿಲ ಹಗ್ಗ ಅವಕ್ಕೆ ಬಿಗಿದಿದ್ದರೋ. ಬಂಡಿ ತೂಗುತ್ತಿತ್ತು. ನಿದ್ದೆಯಲ್ಲೋ ಎಚ್ಚರದಲ್ಲೋ ನನಗೆ, ನಾವು ಆಗಲೇ ನೀರಿನ ಮೇಲಿದ್ದೇವೆ ಅನಿಸಿತು.

ತೊಲೆಗಳನ್ನು ಹಲಗೆಯಾಗಿ ಕೊಯ್ಯಲು ಎರಡು ಜೊತೆ ಕೈ ಬೇಕು. ಗರಗಸದ ಇನ್ನೊಂದು ತುದಿ ನಾನು ಹಿಡಿದೆ. ಅವ್ವ ಬಾಗಿಲಲ್ಲಿ ನಿಂತು, ಹೆಣ್ಣುಮಗಳು ಗರಗಸ ಹಿಡಿಯುವುದನ್ನು ಯಾರಾದರೂ ನೋಡಿದರೆ ಏನಂದಾರು ಎಂದಳು.

"ಗರಗಸ ಹಿಡದವರ ಮಾರಿ ನೋಡೂದಿಲ್ಲ. ಹ್ಯಾಂಗ ಎಳೀತಾರ ಅದಷ್ಟ ನೋಡತದ" ಎಂದ ಅಪ್ಪ.

ಮೊದಲ ವಾರ ಅಂಗೈ ತುಂಬ ಬೊಬ್ಬೆ. ಎರಡನೆಯ ವಾರ ನಾನು ಒಂದು ವಿಷಯ ಕಲಿತೆ: ಗರಗಸವನ್ನು ದೂಡಬಾರದು, ಎಳೆಯಬೇಕು; ಮರಳಿ ಎಳೆದುಕೊಳ್ಳುವ ಕೆಲಸ ಎದುರಿನವರದು. ಅದು ಕೈಗೆ ತಿಳಿದ ಮೇಲೆ ದಿನಗಳು ಹೇಗೆ ಹೋದವೋ. ಸೊಲ್ಲಾಪುರದ ಟಪಾಲು ಬಂತೇ ಎಂದು ನಾನು ದಿನಕ್ಕೆ ಹತ್ತು ಸಲ ಬಾಗಿಲು ನೋಡುವುದು ಒಂದೋ ಎರಡೋ ಸಲಕ್ಕೆ ಇಳಿಯಿತು.

ಬೇಸಿಗೆಗೆ ದೋಣಿಯ ಪಕ್ಕೆಲುಬುಗಳು ಎದ್ದು ನಿಂತವು. ಅಂಗಳದಲ್ಲಿ ಯಾವುದೋ ಹಳೆಯ ಕಾಲದ ದೊಡ್ಡ ಪ್ರಾಣಿ ಬಂದು ಮಲಗಿದ ಹಾಗಿತ್ತು. ಅರ್ಧ ಹಲಗೆ ಹೊಡೆದ ಮೇಲೆ ಮಧ್ಯಾಹ್ನ ಊಟವಾದ ನಂತರ ನಾನು ಅದರೊಳಗೆ ಚಾಪೆ ಹಾಸಿ ಮಲಗುತ್ತಿದ್ದೆ. ಹಲಗೆಗಳ ನಡುವಿನಿಂದ ಬಿಸಿಲಿನ ಗೆರೆಗಳು ಮೈಮೇಲೆ ಬೀಳುತ್ತಿದ್ದವು. ಬೇವಿನ ಹೂವು ಉದುರುತ್ತಿತ್ತು. ಗೋಡೆಯಾಚೆ ಚಾಚಾ ಅವರ ಸುತ್ತಿಗೆ ಮೊಳೆಗಳನ್ನು ಒಂದೊಂದಾಗಿ ಬಡಿಯುತ್ತಿತ್ತು: ಎರಡು ಗಟ್ಟಿ, ಒಂದು ಮೆತ್ತಗೆ. ಆ ಸದ್ದಿನ ಮೇಲೆ ತೇಲಿಕೊಂಡು ನಾನು ಎಲ್ಲೆಲ್ಲಿಗೋ ಹೋಗುತ್ತಿದ್ದೆ. ಸೊಲ್ಲಾಪುರ ನೀರಿನ ದಂಡೆಯ ಮೇಲಿದೆ ಎಂದು ಒಂದು ಕನಸು ಆಷಾಢದ ತನಕವೂ ಮೇಲಿಂದ ಮೇಲೆ ಬೀಳುತ್ತಿತ್ತು. ದಂಡೆಯ ಮೇಲೆ ಅತ್ತೆ ಬಾಚಣಿಗೆ ಹಿಡಿದು ಕೂತಿರುತ್ತಿದ್ದರು.

ಹಲಗೆಗಳ ಸಂದಿಗೆ ಹತ್ತಿ ತುರುಕುವುದು ನನ್ನ ಕೆಲಸ. ಅದರ ಮೇಲೆ ಬಳಿಯಲು ಅಪ್ಪ ಕುಸುಬೆ ಎಣ್ಣೆಯನ್ನು ಅಂಟಾಗುವ ತನಕ ಕುದಿಸಿದ. ಬಾವಿಯಿಂದ ನೀರೆತ್ತುವ ಚರ್ಮದ ಚೀಲಗಳಿಗೆ ನಮ್ಮ ಕಡೆ ಹಚ್ಚುತ್ತಿದ್ದದ್ದು ಅದೇ. ಮೂರು ದಿನ ಓಣಿಯೆಲ್ಲ ಘಾಟು. ಅವ್ವ ಸೆರಗು ಮೂಗಿಗೆ ಕಟ್ಟಿಕೊಂಡೇ ರೊಟ್ಟಿ ಬಡಿದಳು.

ಮಳೆಗಾಲ ಮುಗಿಯುತ್ತ ಬಂದಾಗ ಆಕಾಶದಲ್ಲಿ ವಿಮಾನಗಳು ಹಾರಿದವು. ನಾಲ್ಕೈದು ದಿನಗಳಲ್ಲಿ ನಿಜಾಮನ ರಾಜ್ಯ ಮುಗಿಯಿತು ಎಂದರು. ದಾರಿಯ ಮೇಲಿನ ಬಂದೂಕಿನವರು ಕಾಣದಾದರು. ಜನ ಬೀದಿಗೆ ಬಂದು ಕುಣಿದರು. ಅವ್ವ ದೇವರ ಮುಂದೆ ದೀಪ ಹಚ್ಚಿದಳು. ಆದರೆ ಭಯ ಊರು ಬಿಟ್ಟು ಹೋಗಲಿಲ್ಲ, ಒಂದು ಮನೆಯಿಂದ ಎದ್ದು ಇನ್ನೊಂದು ಮನೆಗೆ ಹೋಗಿ ಕೂತಿತು, ಅಷ್ಟೆ. ಸುತ್ತಲಿನ ಹಳ್ಳಿಗಳಿಂದ ಬರುವ ಸುದ್ದಿಗಳನ್ನು ದೊಡ್ಡವರು ನಾವು ಹೋದಕೂಡಲೇ ನಿಲ್ಲಿಸಿಬಿಡುತ್ತಿದ್ದರು. ಅಪ್ಪ ಗೋಡೆಯಾಚೆ ಹೋಗಿ ಚಾಚಾ ಮತ್ತು ಚಾಚಿಯನ್ನು ನಮ್ಮ ಮನೆಗೆ ಕರೆತಂದ. ಚಾಚಿ ಅಡುಗೆಮನೆಯಲ್ಲಿ ಅವ್ವನ ಪಕ್ಕ ಕೂತು, ಕೈಗೆ ಏನಾದರೂ ಕೆಲಸ ಕೊಡಿ ಎಂದು ಬೇಡುತ್ತಿದ್ದರು.

ಆಗ ದೋಣಿಯನ್ನು ಬೋರಲು ಹಾಕಿ ತಳದ ಹಲಗೆ ಹೊಡೆಯುತ್ತಿದ್ದೆವು. ಈ ಕೆಲಸಕ್ಕೆ ಇಬ್ಬರು ಬೇಕು. ಮೇಲಿನಿಂದ ಒಬ್ಬ ಮೊಳೆ ಹೊಡೆದರೆ, ಒಳಗಿನಿಂದ ಇನ್ನೊಬ್ಬ ಭಾರದ ಕಬ್ಬಿಣ ಆನಿಸಿ ಹಿಡಿದು ಮೊಳೆಯ ತುದಿಯನ್ನು ಮಡಿಸಬೇಕು. ಚಾಚಾ ಬೋರಲು ದೋಣಿಯ ಕೆಳಗೆ ನುಸುಳಿ ಕೂತಿದ್ದರು. ನಾನು ಮೇಲೆ ಹತ್ತಿ ಕೂತು ಸಂದಿಗೆ ಎಣ್ಣೆ ಬಳಿಯುತ್ತಿದ್ದೆ.

ಬೆಳಿಗ್ಗೆ ಹತ್ತರ ಹೊತ್ತು. ಎಂಟು ಹತ್ತು ಮಂದಿ ಅಂಗಳಕ್ಕೆ ನುಗ್ಗಿದರು. ಇಬ್ಬರು ಗುರುತಿನವರು, ಉಳಿದವರು ಎಲ್ಲಿಯವರೋ. ಕೈಯಲ್ಲಿ ಕೊಡಲಿ, ಬಡಿಗೆ.

"ಕಮ್ಮಾರ ಎಲ್ಲಿ ಅದಾನ?"

ಅಪ್ಪನ ಸುತ್ತಿಗೆ ನಿಲ್ಲಲಿಲ್ಲ. "ಕುಲುಮಿ ಬಾಜೂಕ ಅದ. ಹೋಗಿ ನೋಡ್ರಿ."

"ನೋಡೇವಿ. ಇಲ್ಲ. ನಿಮ್ಮ ಮನ್ಯಾಗ ಅದಾನಂತ."

"ಕಾಣತದಲ್ಲ, ನಾ ಮೊಳಿ ಹೊಡಿಯಾಕತ್ತೀನಿ" ಎಂದ ಅಪ್ಪ. ಮತ್ತೊಂದು ಮೊಳೆ ಇಟ್ಟ, ಹೊಡೆದ. ಒಳಗಿನಿಂದ ಕಬ್ಬಿಣ ಆನಿಸದಿದ್ದರೆ ಸದ್ದು ಪೊಳ್ಳಾಗಿ ಬರುತ್ತದೆ. ಅದು ಗಟ್ಟಿಯಾಗಿಯೇ ಬಂತು. ನನ್ನ ಕೆಳಗೆ, ಒಂದು ಹಲಗೆಯ ಆಚೆ, ಚಾಚಾ ತಮ್ಮ ಕೆಲಸ ಮಾಡುತ್ತಿದ್ದರು. ಒಬ್ಬ ಬಂದು ದೋಣಿಯ ಅಂಚಿಗೆ ಕೈ ಹಾಕಿದ, ಎತ್ತಿ ನೋಡುವವನ ಹಾಗೆ.

ನನ್ನ ಬಾಯಿಂದ ಮಾತು ಹೇಗೆ ಬಂತೋ ಗೊತ್ತಿಲ್ಲ. "ಮುಟ್ಟಬ್ಯಾಡ್ರಿ! ಹಸೀ ಎಣ್ಣಿ ಅದ. ಎಂಟು ದಿನ ತಿಕ್ಕಿದ್ರೂ ಕೈ ಬಿಡೂದಿಲ್ಲ" ಎಂದು ಕುಂಚ ಎತ್ತಿ ಹಿಡಿದೆ. ಒಂದು ಹನಿ ಅವನ ಬಿಳಿ ಅಂಗಿಯ ಮೇಲೆ ಬಿತ್ತು. ಅವನು ಬೈದು ಹಿಂದೆ ಸರಿದ. ಗುರುತಿನವರಲ್ಲೊಬ್ಬ ಅಪ್ಪನ ಮುಖ ನೋಡಿದ, ದೋಣಿ ನೋಡಿದ, ನೆಲ ನೋಡಿದ. ಅವನಿಗೆ ತಿಳಿದಿತ್ತು ಎಂದೇ ನನ್ನ ನಂಬಿಕೆ. "ನಡೀರಿ, ಇಲ್ಲಿಲ್ಲ" ಎಂದವನು ಅವನೇ.

ಅವರು ಹೋದ ಮೇಲೂ ಅಪ್ಪ ಆ ಸಾಲಿನ ಮೊಳೆಗಳೆಲ್ಲ ಮುಗಿಯುವ ತನಕ ಹೊಡೆಯುತ್ತಲೇ ಇದ್ದ. ಆಮೇಲೆ ಸುತ್ತಿಗೆ ಕೆಳಗಿಟ್ಟ. ದೋಣಿ ಎತ್ತಿದಾಗ ಚಾಚಾ ಬೆವರಿನಲ್ಲಿ ತೊಯ್ದಿದ್ದರು. ಆದರೂ ಮೊದಲು ಮೊಳೆಯ ಸಾಲನ್ನು ಬೆರಳಿನಿಂದ ಮುಟ್ಟಿ ನೋಡಿದರು. "ಮಿಸ್ತ್ರಿ, ಒಂದು ಸೊಟ್ಟ ಹೊಡದೀ" ಎಂದರು. ಅಪ್ಪ ಅವರ ಪಕ್ಕ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಮುಖ ಮುಚ್ಚಿಕೊಂಡು ಅತ್ತ. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಚಾಚಾ, ಚಾಚಿ ಹನ್ನೊಂದು ದಿನ ನಮ್ಮಲ್ಲಿದ್ದರು. ಊರು ತಣ್ಣಗಾದ ಮೇಲೆ, ಹುಮನಾಬಾದಿನ ಮಗಳ ಮನೆಗೆ ಹೋಗಿ ಅಲ್ಲಿಯೇ ಕುಲುಮೆ ಹಾಕುತ್ತೇನೆ ಎಂದರು ಚಾಚಾ. ಅಪ್ಪ ದೋಣಿಯ ಅಂಚಿನ ಮೇಲೆ ಕೈಯಾಡಿಸಿದ. ಅದನ್ನು ನೋಡಿ ಚಾಚಾ ತಾವೇ ಹೇಳಿದರು: "ನೀರಿಗಿ ಇಳಿಸೂತನಕ ಎಲ್ಲೂ ಹೋಗೂದಿಲ್ಲ. ಆರುನೂರು ಮೊಳಿ ನನ್ನವು."

ಬಂಡಿ ಕಟ್ಟುವವರ ಮನೆಯಿಂದ ದೋಣಿ ಹೊರಬರುವುದು ಕಷ್ಟವಾಗಲಿಲ್ಲ. ದೀಪಾವಳಿ ಕಳೆದ ಮೇಲೆ ಬಂಡಿಯ ಮೇಲೆ ಏರಿಸಿ, ನಾಲ್ಕು ಎತ್ತು ಹೂಡಿ ತ್ರಿಪುರಾಂತ ಕೆರೆಗೆ ಒಯ್ದೆವು. ಹಿಂದೆ ಅರ್ಧ ಊರು. ನೀರಿಗೆ ಇಳಿಸಿದರೆ ಎಲ್ಲ ಸಂದಿಗಳಿಂದ ನೀರು ಒಳಗೆ ಬಂತು. ನೋಡನೋಡುತ್ತ ದೋಣಿ ಅಂಚಿನವರೆಗೆ ಮುಳುಗಿ ಕೂತಿತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. "ಮಿಸ್ತ್ರೀ, ಗಾಲಿ ಹಚ್ಚೂದು ಮರತೀಯೇನೋ!"

ಅಪ್ಪ ಅದನ್ನು ಹಗ್ಗದಿಂದ ಕಲ್ಲಿಗೆ ಕಟ್ಟಿ, ಬೀಡಿ ಹಚ್ಚಿದ. "ಕಟ್ಟಿಗಿ ವರ್ಷಗಟ್ಟಲೆ ಒಣಗ್ಯದ. ನೀರಡಿಸ್ಯದ, ಕುಡೀಲಿ" ಎಂದ.

ಮೂರು ದಿನ ಕುಡಿಸಿದ. ಕಟ್ಟಿಗೆ ಉಬ್ಬಿ ಹಲಗೆಗಳು ಒಂದನ್ನೊಂದು ಅಪ್ಪಿಕೊಂಡವು. ನಾಲ್ಕನೆಯ ಬೆಳಿಗ್ಗೆ ನಾವು ಮೂವರೇ ಹೋಗಿ ಕೊಡದಿಂದ ನೀರು ಮೊಗೆದು ಚೆಲ್ಲಿದೆವು. ದೋಣಿ ಮೆಲ್ಲಗೆ, ನಿದ್ದೆಯಿಂದ ಏಳುವವರ ಹಾಗೆ ಎದ್ದಿತು. ಕೆರೆಯ ಮೇಲೆ ಮಂಜಿತ್ತು. ಚಾಚಾ ಮೊದಲು ಹತ್ತಿದರು, ಎರಡೂ ಕೈಯಿಂದ ಅಂಚು ಹಿಡಿದು. ಅಪ್ಪ ಹುಟ್ಟು ಹಾಕಿದ. ದಂಡೆ ಕರಗಿತು, ಕೋಟೆ ಕರಗಿತು, ಎಲ್ಲ ಕಡೆ ಹಾಲಿನಂಥ ಬಿಳುಪು. ನೀರಕೋಳಿಯೊಂದು ಎಲ್ಲಿಂದಲೋ ಕೂಗಿತು. ನಾವು ಎಲ್ಲಿದ್ದೇವೆಂದು ಹೇಳುವ ಒಂದು ಗುರುತೂ ಇರಲಿಲ್ಲ. ಚಾಚಾ ಬಹಳ ಹೊತ್ತು ನೀರಿನಲ್ಲಿ ಬೆರಳು ಆಡಿಸಿದರು.

"ಸಮುದ್ರ ಹಿಂಗ ಇರ್ತದೇನು?" ಪಿಸುಮಾತಿನಲ್ಲಿ ಕೇಳಿದರು.

"ಇಲ್ಲ. ಅದು ಉಪ್ಪು" ಎಂದ ಅಪ್ಪ.

ಇಬ್ಬರೂ ನಕ್ಕ ನಗು ಮಂಜಿನಲ್ಲಿ ದೂರ ಹೋಯಿತು. ಆ ವಾರವೇ ಚಾಚಾ, ಚಾಚಿ ಹುಮನಾಬಾದಿಗೆ ಹೋದರು. ಗೋಡೆಯಾಚೆಯ ಸದ್ದು ನಿಂತ ಮೇಲೆ ಅಪ್ಪನಿಗೆ ನಸುಕಿನಲ್ಲಿ ಎಚ್ಚರವಾಗುತ್ತಿತ್ತು. ಎದ್ದು ನನ್ನನ್ನು ಕರೆದುಕೊಂಡು ಕೆರೆಗೆ ಹೋಗಿ ಹುಟ್ಟು ಹಾಕಲು ಕಲಿಸಿದ.

ನನ್ನ ಗಂಡ ಬಂದದ್ದು ಸಂಕ್ರಾಂತಿಯ ಮರುವಾರ, ಒಬ್ಬರೇ. ಗಡ್ಡ ಬಿಟ್ಟಿದ್ದರು, ಅಂಗಿ ಹೆಗಲಿಂದ ಜಾರುತ್ತಿತ್ತು. ಅವ್ವ ನನ್ನ ಅತ್ತೆಯ ಬಗ್ಗೆ ಕೇಳಿದಾಗ "ಬರ್ತಾರ" ಎಂದರು. ಊಟಕ್ಕೆ ಕೂತರೆ ತುತ್ತು ಕೈಯಲ್ಲೇ ಒಣಗುತ್ತಿತ್ತು. ನಾನು ಅವರನ್ನು ಮಾತಾಡಿಸುವುದಾದರೂ ಎಲ್ಲಿ? ಮನೆಯೆಂದರೆ ಒಂದು ಪಡಸಾಲೆ, ಒಂದು ಅಡುಗೆಮನೆ. ಹಿರಿಯರ ಮುಂದೆ ಗಂಡನ ಮುಖ ನೋಡುವ ಕಾಲವಲ್ಲ ಅದು. ಆರು ದಿನ ನೀರಿನ ಚೆಂಬು ಇಡುವುದು, ತೆಗೆಯುವುದು ಅಷ್ಟೇ ನಮ್ಮ ಸಂಸಾರ.

ಏಳನೆಯ ದಿನ ಸಂಜೆ ಅಪ್ಪ ಹುಟ್ಟು ತಂದು ಅವರ ಮುಂದೆ ಇಟ್ಟ. "ಅಳಿಯಂದ್ರ, ದೋಣಿ ಕಟ್ಟಿಹಾಕಿದ್ರ ಕೆಡತದ. ಒಂದ್ ಸುತ್ತು ತಿರುಗಿಸಿಕೊಂಡ ಬರ್ರಿ. ಇಕಿಗಿ ಬರ್ತದ, ಇಕಿ ಹುಟ್ಟು ಹಾಕ್ತಾಳ."

ಅವ್ವ ಏನೋ ಹೇಳಲು ಬಾಯಿ ತೆರೆದಳು. ಅಪ್ಪ ಅವಳ ಕಡೆ ನೋಡಿದ. ಅವಳು ಒಳಗೆ ಹೋದಳು.

ನಾನು ಹುಟ್ಟು ಹಾಕಿದೆ, ಅವರು ಎದುರಿಗೆ ಕೂತರು. ಕೆರೆಯ ನಡುವೆ ಬಂದ ಮೇಲೆ ಹುಟ್ಟು ಒಳಗಿಟ್ಟೆ. ಸೂರ್ಯ ಕೋಟೆಯ ಹಿಂದೆ ಇಳಿಯುತ್ತಿದ್ದ. ನೀರು ಕೆಂಪಗೆ, ದಪ್ಪಗೆ, ಸದ್ದಿಲ್ಲದೆ ನಮ್ಮನ್ನು ತಿರುಗಿಸುತ್ತಿತ್ತು.

"ಅತ್ತಿ ಎಲ್ಲಿ ಅದಾರ್ರಿ?" ಎಂದೆ.

ಅವರು ನನ್ನ ಕೈಗಳನ್ನು ನೋಡುತ್ತಿದ್ದರು. ಗರಗಸದ ಗಂಟುಗಳು ಬಿದ್ದ ಕೈ. "ಹ್ವಾದ ಆಷಾಢದಾಗ ಹ್ವಾದ್ಳು" ಎಂದರು. "ಜ್ವರ. ಮೂರ ದಿನ. ಕಾಗದ ಬರಿಯಾಕ ಕುಂತ್ರ ನಿನ್ನ ಹೆಸರು ಬರದು ನಿಲ್ಲತಿದ್ದೆ. ಮುಂದ ಏನ್ ಬರೀಲಿ? ಕಡೀ ದಿನ ನಿನ್ನ ತಲಿ ಯಾರು ಬಾಚತಾರಂತ ಕೇಳಾಕತ್ತಿದ್ಳು."

ಅವರು ದೊಡ್ಡ ದನಿಯಲ್ಲಿ ಅತ್ತರು. ನಾನೂ ಅತ್ತೆ. ಅಲ್ಲಿ ಕೇಳುವವರು ಯಾರೂ ಇರಲಿಲ್ಲ, ಸುಮ್ಮನಿರಿ ಎನ್ನುವವರೂ ಇರಲಿಲ್ಲ. ಆಷಾಢದಲ್ಲಿ ನಾನು ದೋಣಿಯೊಳಗೆ ಮಲಗಿ ಅತ್ತೆಯನ್ನು ಕನಸಿನಲ್ಲಿ ಕಾಣುತ್ತಿದ್ದೆ ಎಂದು ಹೇಳಿದೆ. ಬಾಚಣಿಗೆಯ ವಿಷಯವೂ ಹೇಳಿದೆ. ಆಮೇಲೆ ಅವರು ಮಾತಾಡತೊಡಗಿದರು: ಸೊಲ್ಲಾಪುರದ ಒಂದು ಧರ್ಮಶಾಲೆ, ಎಂಟು ಸಂಸಾರಕ್ಕೆ ಒಂದು ಒಲೆ, ಊರಿಗೆ ಬರಲು ಧೈರ್ಯವಾಗದೆ ಬಸ್ಸಿನ ತನಕ ಬಂದು ಎರಡು ಸಲ ತಿರುಗಿ ಹೋದದ್ದು. ಮದುವೆಯಾದ ಮೇಲೆ ಅವರು ನನ್ನೊಡನೆ ಅಷ್ಟು ಮಾತಾಡಿದ್ದು ಅದೇ ಮೊದಲು. ಬೆಳಕು ಹೋಗುತ್ತ ಬಂದಾಗ, "ಹುಮನಾಬಾದಿಗಿ ಹೋಗೋಣೇನು? ಒಬ್ಬಾಂವಗ ಆ ಬೀಗ ತೆಗಿಯೂದು ಆಗೂದಿಲ್ಲ" ಎಂದರು.

"ಹೋಗೋಣ್ರಿ" ಎಂದೆ.

ವಾರದಲ್ಲಿ ಹೋದೆವು. ಬೀಗ ಜಂಗು ಹಿಡಿದು ತಿರುಗಲಿಲ್ಲ. ಚಾಚಾ ಅವರ ಹೊಸ ಕುಲುಮೆ ಹೆದ್ದಾರಿಯ ಬದಿಗೇ ಇತ್ತು. ಕರೆದೆವು, ಬಂದು ಮುರಿದು ಕೊಟ್ಟರು.

ಮರುವರ್ಷ, ಐವತ್ತರ ಬೇಸಿಗೆಯಲ್ಲಿ, ನಾನು ಮೊದಲ ಹೆರಿಗೆಗೆ ತವರಿಗೆ ಬಂದೆ. ಕೆರೆ ಬತ್ತಿತ್ತು. ಅಪ್ಪ ದೋಣಿಯನ್ನು ಅಂಗಳಕ್ಕೆ ತಂದು ಬೇವಿನ ನೆರಳಿನಲ್ಲಿಟ್ಟು, ಗೋಣಿಚೀಲ ಹೊದಿಸಿ, ದಿನಕ್ಕೆ ಎರಡು ಸಲ ನೀರು ಚಿಮುಕಿಸುತ್ತಿದ್ದ. ಕೆಲಸಕ್ಕೇನೂ ಕೊರತೆ ಇರಲಿಲ್ಲ. ಅಂಗಳದ ತುಂಬ ಬಂಡಿಗಳು, ಅವಕ್ಕೆ ಜಾಗ ಸಾಲದೆ ಬೀದಿಯಲ್ಲೂ ಬಂಡಿಗಳು. ಯಾರು ಎಷ್ಟು ಗೊಣಗಿದರೂ ದೋಣಿ ಸರಿಸಲು ಅಪ್ಪ ಒಪ್ಪುತ್ತಿರಲಿಲ್ಲ.

ಹೆಣ್ಣು ಹುಟ್ಟಿತು. ಹನ್ನೆರಡನೆಯ ದಿನ ಚಾಚಾ ಬಸ್ಸಿನಲ್ಲಿ ಬಂದರು, ಮಗುವಿನ ತಲೆಗೆ ಹಾಕಲು ಚಾಚಿ ಹೊಲಿದ ಕುಂಚಿಗೆ ತಂದರು. ಮಗುವನ್ನು ನೋಡಿ, ಚಹಾ ಕುಡಿದು, ಅಂಗಳಕ್ಕೆ ಹೋದರು. ಗೋಣಿಚೀಲ ಎತ್ತುವ ಸದ್ದು ಕೇಳಿತು. ನಾನು ಒಳಗೆ ಬೆಚ್ಚಗೆ ಮಲಗಿ ಅರೆನಿದ್ದೆಯಲ್ಲಿದ್ದೆ.

"ಮಿಸ್ತ್ರಿ, ಹನ್ನೆರಡು ಮೊಳಿ ಬದಲಿ ಮಾಡಬೇಕು."

"ಹನ್ನೆರಡಲ್ಲ, ನಾಕ."

"ಎಣಸು ಬಾ ಇಲ್ಲಿ. ಕಣ್ಣು ಹ್ವಾಗ್ಯಾವ ನಿನ್ನವು."

"ನಿನ್ನ ಮೊಳೀನ ಸುಮಾರ ಇದ್ವು, ಬಿಡು."

ಮಳೆ ಬರುವ ತನಕ ಅವರಿಬ್ಬರೂ ಹಾಗೆ ಜಗಳವಾಡುತ್ತಲೇ ಇರಲಿ ಎಂದುಕೊಂಡು ನಾನು ಮಗುವಿನ ಕಡೆ ಮಗ್ಗಲು ಬದಲಿಸಿದೆ.